ರಟ್ಟು ಸರಿ, ಒಳಗೇನಿದೆ?

"ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಹಳೇ ಪುಸ್ತಕವೊಂದರ ಚಿನ್ನದ ರಟ್ಟನ್ನು ಒಂದು ಪುಟ ಪೂರ್ತಿ ಹೊಗಳಿದಿರಿ. ಒಳಗೇನಿದೆ ಅಂತ ಒಂದು ಸಾಲೂ ಇಲ್ಲ. ಇದೆಲ್ಲ ಶ್ರೀಮಂತರ ಷೋಕಿ ಅಲ್ವಾ? ಚಿತ್ರಗಳ ಮೇಲಿರುವ ಆ ತೆಳು ಹಾಳೆ ಕಿತ್ತು ಫೋಟೋ ತೆಗೀಬಾರದಿತ್ತಾ?" ಅಂತ ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ಸ್ವಾಮಿ, ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಪುಸ್ತಕ 'ಪೋಲ್ ಎ ವಿರ್ಜಿನಿ', ಅಂದರೆ ಪೋಲ್ ಮತ್ತು ವಿರ್ಜಿನಿ. ಬೆರ್ನಾರ್ದಾಂ ದ ಸ್ಯಾಂ-ಪಿಯೆರ್ ಬರೆದ ಈ ಕಥೆ ಮೊದಲು ಬಂದದ್ದು 1788ರಲ್ಲಿ. ನಾವು ತೋರಿಸಿದ್ದು ಪ್ಯಾರಿಸ್ಸಿನ ಪ್ರಕಾಶಕ ಲಿಯೋಂ ಕುರ್ಮೆರ್ 1838ರಲ್ಲಿ ತಂದ ಸಚಿತ್ರ ಆವೃತ್ತಿ. ಮಾರಿಷಸ್ಸಿನಲ್ಲಿ ಎರಡು ಮನೆಯ ಮಕ್ಕಳು ಒಟ್ಟಿಗೆ ಬೆಳೆಯುತ್ತಾರೆ, ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ತೆಂಗಿನ ಗಿಡ. ಹುಡುಗಿಯನ್ನು ಫ್ರಾನ್ಸಿಗೆ ಕಳಿಸುತ್ತಾರೆ, ವಾಪಸ್ ಬರುವಾಗ ದಡದ ಹತ್ತಿರವೇ ಹಡಗು ಒಡೆದು ಆಕೆ ಮುಳುಗಿಹೋಗುತ್ತಾಳೆ. ನನ್ನ ರುಚಿಗೆ ಕಣ್ಣೀರು ಸ್ವಲ್ಪ ಜಾಸ್ತಿ.

ಆದರೆ ಪುಟಗಳನ್ನು ನೋಡಬೇಕು. ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರದಲ್ಲಿ ಮಸಿ ಗೀರಿನೊಳಗೆ ಕೂರುತ್ತದೆ, ಅಚ್ಚುಮೊಳೆಯಲ್ಲಿ ಮೇಲೆ ಕೂರುತ್ತದೆ. ಎರಡನ್ನೂ ಒಟ್ಟಿಗೆ ಒತ್ತೋಕೆ ಆಗದು. ಇಲ್ಲಿ ಬಾಕ್ಸ್‌ವುಡ್ ಅನ್ನೋ ಗಟ್ಟಿ ಮರವನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಕುಯ್ದು, ಆ ಮುಖದ ಮೇಲೆ ಕೆತ್ತಿದರು. ಎಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ಹೀಗೆ ಕೆತ್ತಿದ ಮರದ ತುಂಡು, ಅಂದರೆ ಬ್ಲಾಕು, ಮೊಳೆಯಷ್ಟೇ ಎತ್ತರ, ಹಾಗಾಗಿ ಸಾಲುಗಳ ನಡುವೆಯೇ ಇಟ್ಟು ಬಿಗಿದರೆ ಮಾತೂ ಚಿತ್ರವೂ ಒಂದೇ ಸಲಕ್ಕೆ ಅಚ್ಚು. ನಮ್ಮ ಮೊಳೆ ಪ್ರೆಸ್ ಕಾಲದಲ್ಲಿ ಒಂದು ಬ್ಲಾಕು ಚೂರು ತಗ್ಗಿದ್ದರೂ ಅದರ ತಳಕ್ಕೆ ಕಾಗದ ಅಂಟಿಸಿ, ಒತ್ತಿ ನೋಡಿ, ಮತ್ತೆ ಅಂಟಿಸಿ ಅರ್ಧ ದಿನ ಕಳೆಯುತ್ತಿದ್ದೆವು. ಈ ಕುರ್ಮೆರ್ ನಾನೂರಕ್ಕೂ ಜಾಸ್ತಿ ಚಿತ್ರ ಹೀಗೆ ಕೂರಿಸಿದ! ತೋನಿ ಜೋಹಾನೋ, ಮೆಸೋನಿಯೇ ಮೊದಲಾದವರು ಚಿತ್ರ ಬರೆದರು; ಕೆತ್ತೋಕೆ ಇಂಗ್ಲೆಂಡಿನವರನ್ನೂ ಹಿಡಿದ.

ಷೋಕಿಯ ಮಾತಿಗೆ ಅರ್ಧ ಒಪ್ಪುತ್ತೇನೆ. ಪುಸ್ತಕ ಕಂತುಕಂತಾಗಿ ಮಾರಾಟವಾಯಿತು, ಒಟ್ಟಿಗೆ ದುಡ್ಡು ಸುರಿಯಬೇಕಿರಲಿಲ್ಲ. ಬೈಂಡಿಂಗ್ ಮಾತ್ರ ಕೊಂಡವರ ಜೇಬಿಗೆ ಬಿಟ್ಟದ್ದು. ನಾವು ತೋರಿಸಿದ ಪ್ರತಿಯ ಚರ್ಮದ ಮೇಲೆ ಚರ್ಚಿನ ಚೂಪು ಕಮಾನು ಒತ್ತಿದ್ದಾರೆ, ಆಗಿನ ಒಂದು ಫ್ಯಾಷನ್ ಅದು. ಗುಡಿಸಲು, ತೆಂಗಿನಮರದ ಕಥೆಗೆ ಚರ್ಚಿನ ಕಿಟಕಿ! ಹೊಗಳುವಾಗ ಇದು ನನಗೆ ಹೊಳೆಯಲೇ ಇಲ್ಲ ನೋಡಿ.

ಇನ್ನೊಂದು ವಿಷಯ ಬಿಟ್ಟದ್ದಂತೂ ನನ್ನದೇ ತಪ್ಪು. ಅದೇ ಸಂಪುಟದಲ್ಲಿ 'ಲಾ ಶೋಮಿಯೇರ್ ಆಂದಿಯೆನ್' ಅನ್ನೋ ಎರಡನೇ ಕಥೆ ಇದೆ, ಅಂದರೆ ಇಂಡಿಯಾದ ಗುಡಿಸಲು. ಇಂಗ್ಲಿಷ್ ಪಂಡಿತನೊಬ್ಬ 3,500 ಪ್ರಶ್ನೆ ಹೊತ್ತು ಊರೂರು ಸುತ್ತಿ, ಜಗನ್ನಾಥದ ದೊಡ್ಡ ಬ್ರಾಹ್ಮಣನ ಹತ್ತಿರ ಹೋಗುತ್ತಾನೆ. ಸಮಾಧಾನ ಸಿಗುವುದು ಅಲ್ಲಲ್ಲ. ವಾಪಸ್ ಬರುವ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಮುಟ್ಟಿಸಿಕೊಳ್ಳದ ಜಾತಿಯವನೊಬ್ಬನ ಗುಡಿಸಲು ಹೊಕ್ಕಾಗ. ಕುರ್ಮೆರ್ ಇದಕ್ಕೂ ಚಿತ್ರ ಹಾಕಿಸಿದ್ದಾನೆ.

ತೆಳು ಹಾಳೆ ಮಾತ್ರ ದಯವಿಟ್ಟು ಕೀಳಬೇಡಿ ಸ್ವಾಮಿ. ದೊಡ್ಡ ಚಿತ್ರಗಳ ಹೆಸರು ಅಚ್ಚಾಗಿರುವುದು ಅದರ ಮೇಲೇ.

- ಸಂಪಾದಕ