ಹುಟ್ಟುಹಬ್ಬಕ್ಕೆ ಹಾವು ಕರೆಸಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು. ಮೂವತ್ತೊಂದು ವರ್ಷ ರಾಮನಗರದ ಕಡೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಮೂರಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಮಗನಿಗೆ ಏಳು ತುಂಬುತ್ತದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪಾರ್ಟಿ. ಈವೆಂಟ್‌ನವರೊಬ್ಬರು ‘ರೆಪ್ಟೈಲ್ ಶೋ’ ಮಾಡಿಸುತ್ತೇವೆ ಅಂದಿದ್ದಾರೆ. ಬಾಲ್ ಪೈಥಾನ್, ಇಗ್ವಾನಾ, ಒಂದು ಕೇರೆಹಾವು, ನಕ್ಷತ್ರ ಆಮೆ ತರುತ್ತಾರಂತೆ. ಮಕ್ಕಳು ಹಾವನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಬಹುದಂತೆ. ಮಗ ಕುಣಿಯುತ್ತಿದ್ದಾನೆ. ಕರೆಸಲಾ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಬೇಡಮ್ಮ, ಕರೆಸಬೇಡಿ. ಕೇರೆಹಾವು, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಅವನ್ನು ಹಿಡಿದು ಸಾಕುವುದು, ಹೀಗೆ ಪಾರ್ಟಿಗೆ ಹೊತ್ತು ತರುವುದು ಅಪರಾಧ. ಬಾಲ್ ಪೈಥಾನ್, ಇಗ್ವಾನಾ ಹೊರದೇಶದವು. ಅವನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಆ ಕಾಗದ ತೋರಿಸಿ ಅಂತ ಕೇಳಿ ನೋಡಿ.

ಕಾಗದ ಸರಿಯಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಬಾಲ್ ಪೈಥಾನ್ ಆಫ್ರಿಕಾದ ಹಾವು. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಆ ಹೆಸರು ಬಂದಿರುವುದೇ ಅದರಿಂದ. ಹಾವಿಗೆ ರೆಪ್ಪೆ ಇಲ್ಲ. ಅಳುವುದಿಲ್ಲ, ಕೂಗುವುದಿಲ್ಲ. ಸ್ಪೀಕರ್ ಅದುರುವ ಕೋಣೆಯಲ್ಲಿ ಇಪ್ಪತ್ತು ಮಕ್ಕಳ ಕೈ ದಾಟುವಾಗ ಅದು ಸುಮ್ನೆ ಇದ್ದರೆ, ಆರಾಮಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇರುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ನಾಗರಪಂಚಮಿಗೆ ಎರಡು ದಿನ ಮುಂಚೆ ಹಾವಾಡಿಗರೊಬ್ಬರು ಶಾಲೆ ಗೇಟಿನ ಹತ್ತಿರ ಬಂದಿದ್ದರು. ಪುಸ್ತಕದ ಚಿತ್ರಕ್ಕಿಂತ ನಿಜವಾದದ್ದು ನೋಡಲಿ ಅಂತ ನಾನೇ ಅವರನ್ನು ಎಂಟನೇ ಕ್ಲಾಸಿಗೆ ಕರೆದುಕೊಂಡು ಹೋದೆ. ಬುಟ್ಟಿ ತೆಗೆದರು. ನಾಗರಹಾವು ಹೆಡೆ ಎತ್ತಿತು. ಮಕ್ಕಳು ಓ ಅಂದರು. ನಾನು ಬಗ್ಗಿ ನೋಡಿದೆ. ಬಾಯಿಯ ಅಂಚಿನಲ್ಲಿ ಕರಿ ದಾರ. ಗೋಣಿಚೀಲದ ಬಾಯಿ ಹೊಲಿದ ಹಾಗೆ ನಾಲ್ಕು ಹೊಲಿಗೆ. ಕೆಳದವಡೆ ಊದಿಕೊಂಡಿತ್ತು. ಮುಂದಿನ ಬೆಂಚಿನ ಹುಡುಗಿಗೂ ಕಂಡಿತು. “ಮಿಸ್, ಅದು ಊಟ ಹೆಂಗೆ ಮಾಡ್ತದೆ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಲ್ಲು ಕಿತ್ತು, ಬಾಯಿ ಹೊಲಿದು, ವಾರಗಟ್ಟಲೆ ಉಪವಾಸ ಕೆಡವಿದ ಹಾವು ಬಾಯಾರಿಕೆಗೆ ಹಾಲು ಮುಟ್ಟುತ್ತದೆ. ಅದನ್ನೇ ನಾವು ಹಾಲು ಕುಡಿಯಿತು ಅಂತ ಕೈಮುಗಿಯುತ್ತೇವೆ. ಅವತ್ತಿನಿಂದ ನನ್ನ ಕ್ಲಾಸಿಗೆ ಬುಟ್ಟಿ ಬಂದಿಲ್ಲ.

ನಿಮ್ಮ ಮಗನ ಆಸೆ ತಪ್ಪಲ್ಲ. ಅದನ್ನು ಕೆಡಿಸಬೇಡಿ. ಪಾರ್ಟಿಯ ದುಡ್ಡಿನಲ್ಲಿ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ಮೈಸೂರು ಮೃಗಾಲಯಕ್ಕೆ ಹೋಗಿಬನ್ನಿ. ಹಾವಿನ ಗಾಜಿನ ಮುಂದೆ ಹತ್ತು ನಿಮಿಷ ಮಾತಾಡದೆ ನಿಲ್ಲಿಸಿ. ನಾಲಿಗೆ ಎಷ್ಟು ಸಲ ಹೊರಗೆ ಬಂತು ಅಂತ ಎಣಿಸಲಿ. ವಾಸನೆ ಹಿಡಿಯುವುದು ಆ ನಾಲಿಗೆಯಿಂದ ಅಂತ ಅಲ್ಲೇ ಹೇಳಿ. ಅಷ್ಟು ದೂರ ಆಗದಿದ್ದರೆ ಬನ್ನೇರುಘಟ್ಟದ ಚಿಟ್ಟೆ ಪಾರ್ಕ್ ಇದೆ.

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಬರ್ತ್‌ಡೇಗೆ ಹಾವು, ಹಲ್ಲಿ, ಆಮೆ ತರಿಸುವುದು ಮಾಮೂಲು. ಮಗಳ ಆರನೇ ಹುಟ್ಟುಹಬ್ಬಕ್ಕೆ ಬುಕ್ ಮಾಡಿಬಿಟ್ಟಿದ್ದೇವೆ. ಮನೆಯಲ್ಲಿ ಎಂಟು ತಿಂಗಳ ಪಾಪು ಇದೆ. ದಾವಣಗೆರೆಯಿಂದ ಅತ್ತೆ ಬಂದಿದ್ದಾರೆ, ಎಪ್ಪತ್ತು ದಾಟಿದೆ. ಏನು ಜಾಗ್ರತೆ ಮಾಡಬೇಕು?
— ಓದುಗಿ, ಅಮೆರಿಕ

ಉತ್ತರ: ಮೊದಲು ಪಾಪು ಮತ್ತು ಅತ್ತೆಯವರ ವಿಷಯ. ಹಾವು, ಹಲ್ಲಿ, ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪ್ರಾಣಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ನಮಗೆ ತಗುಲಿದರೆ ಭೇದಿ, ಜ್ವರ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಆಸ್ಪತ್ರೆ ಸೇರುವಷ್ಟು ಜೋರಾಗಬಹುದು. ಐದು ವರ್ಷದೊಳಗಿನವರು, ಅರವತ್ತೈದು ದಾಟಿದವರು ಇವನ್ನು ಮುಟ್ಟಬಾರದು ಅಂತ ನೀವಿರುವ ದೇಶದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಅತಿಥಿಗಳ ಪುಟ್ಟ ತಮ್ಮ ತಂಗಿಯರಿಗೂ ಇದೇ ಮಾತು. ಪಾಪುವನ್ನು ಎತ್ತಿಕೊಂಡಿರುವವರೂ ಪ್ರಾಣಿ ಮುಟ್ಟಬಾರದು.

ಶೋ ಅಡುಗೆಮನೆಗೆ, ಊಟದ ಟೇಬಲಿಗೆ ದೂರ ಇರಲಿ. ಕೇಕ್ ಮುಚ್ಚಿದ್ದು ಮುಚ್ಚಿದ ಹಾಗೇ ಇರಲಿ. ಶೋ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆದು ಆಮೇಲೆ ಕೇಕ್. ಸ್ಯಾನಿಟೈಸರ್ ಹಚ್ಚಿದರೆ ಸಾಕು ಅಂದುಕೊಳ್ಳಬೇಡಿ. ಪ್ರಾಣಿಯನ್ನು ತೊಳೆಯಲು ನಿಮ್ಮ ಸಿಂಕ್ ಕೊಡಬೇಡಿ.

ಇನ್ನೊಂದು. ಅಲ್ಲಿನ ಕೇಂದ್ರದ ಪ್ರಾಣಿ ಕಲ್ಯಾಣ ಕಾನೂನು ಬಿಸಿರಕ್ತದ ಪ್ರಾಣಿಗಳಿಗೆ ಮಾತ್ರ. ಹಾವು, ಹುಳ ಅದರಲ್ಲಿ ಬರುವುದಿಲ್ಲ. ಹಾಗಾಗಿ ಕೇಂದ್ರದ ಲೈಸೆನ್ಸ್ ತೋರಿಸಿದರೂ ಹಾವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಫೋನ್ ಮಾಡಿ ನೀವೇ ಕೇಳಿ. ಅವತ್ತು ಇದು ಎಷ್ಟನೇ ಶೋ? ದಾರಿಯಲ್ಲಿ ಬೆಚ್ಚಗಿಡುತ್ತೀರಾ? ಮಕ್ಕಳ ಕೈಗೆ ಕೊಡುತ್ತೀರಾ, ನೀವೇ ಹಿಡಿದು ತೋರಿಸುತ್ತೀರಾ? ಅವರೇ ಹಿಡಿಯಲಿ, ಮಕ್ಕಳು ಕೂತು ನೋಡಲಿ. ರಿಟರ್ನ್ ಗಿಫ್ಟ್ ಅಂತ ಪುಟ್ಟ ಆಮೆ ಮಾತ್ರ ಬೇಡವೇ ಬೇಡ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು ಅಲ್ಲಿ 1975ರಲ್ಲೇ ನಿಲ್ಲಿಸಿದ್ದಾರೆ.

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಶಾಲೆ. ವಿದೇಶದ ಕ್ಲಾಸ್‌ರೂಮಿನಲ್ಲಿ ದೊಡ್ಡ ಜೇಡ, ಬುಸ್ ಅನ್ನುವ ಜಿರಳೆ ತೋರಿಸುವ ವಿಡಿಯೋ ನೋಡಿ ನಾಲ್ಕನೇ ಕ್ಲಾಸಿನ ಮಕ್ಕಳು ‘ನಮಗೂ ತೋರಿಸಿ ಸಾರ್’ ಅನ್ನುತ್ತಿದ್ದಾರೆ. ದುಡ್ಡಿಲ್ಲ. ಏನು ಮಾಡಲಿ?
— ಶಿಕ್ಷಕ, ಚಿಂತಾಮಣಿ ತಾಲ್ಲೂಕು

ಉತ್ತರ: ಸಾರ್, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಆ ಜಿರಳೆ ಮಡಗಾಸ್ಕರ್‌ನದು. ವಿಡಿಯೋದಲ್ಲಿ ತೋರಿಸುವಂಥ ದೊಡ್ಡ ಜೇಡಗಳಲ್ಲಿ ಕೆಲವು ಮೈಮೇಲಿನ ಕೂದಲನ್ನು ಕಾಲಿನಿಂದ ಎರಚುತ್ತವೆ, ಕಣ್ಣಿಗೆ ಬಿದ್ದರೆ ಉರಿ. ಅವು ನಮಗೆ ಬೇಡ. ನಿಮ್ಮ ಸುತ್ತಮುತ್ತ ರೇಷ್ಮೆ ಇದೆ ಅಲ್ವಾ? ಹತ್ತಿರದ ಚಾಕಿ ಕೇಂದ್ರದಲ್ಲಿ (ರೇಷ್ಮೆಹುಳದ ಮರಿ ಸಾಕಿ ರೈತರಿಗೆ ಕೊಡುವ ಜಾಗ), ಇಲ್ಲವೇ ಮಕ್ಕಳ ಮನೆಯಲ್ಲೇ ಕೇಳಿ ಐವತ್ತು ಹುಳ ತನ್ನಿ. ಇದು ಮನುಷ್ಯರ ಜೊತೆಯೇ ಬೆಳೆದು ಬಂದ ಹುಳ, ಕಾಡಿನಿಂದ ಯಾವುದನ್ನೂ ಹಿಡಿದು ತಂದ ಹಾಗಲ್ಲ.

ಒಂದು ಬಿದಿರು ತಟ್ಟೆ, ಮೇಲೆ ಸೊಳ್ಳೆಪರದೆ ಬಟ್ಟೆ. ಇಲ್ಲದಿದ್ದರೆ ಊಜಿ ನೊಣ ಬಂದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಟೇಬಲ್ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಇರುವೆ ಹತ್ತುವುದಿಲ್ಲ. ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪು, ಒದ್ದೆ ಸೊಪ್ಪು ಹಾಕಬೇಡಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಲೇಬಾರದು, ಹುಳ ಸಾಯುತ್ತದೆ.

ಒಂದು ದಿನ ಬೆಳಗ್ಗೆ ಹುಳಗಳೆಲ್ಲ ತಲೆ ಎತ್ತಿ ಅಲ್ಲಾಡದೆ ನಿಂತಿರುತ್ತವೆ. ಸೊಪ್ಪು ಮುಟ್ಟುವುದಿಲ್ಲ. ಸತ್ತುಹೋದವು ಅಂತ ಮಕ್ಕಳು ಗಾಬರಿಯಾಗುತ್ತಾರೆ. ರೈತರ ಮನೆಯ ಮಗು ಯಾವುದಾದರೂ “ಇಲ್ಲ ಸಾರ್, ಜ್ವರಕ್ಕೆ ಕೂತಿವೆ” ಅನ್ನುತ್ತದೆ. ಆ ಮಗುವಿನ ಕೈಯಲ್ಲೇ ಪಾಠ ಹೇಳಿಸಿ. ಮಾರನೇ ದಿನ ಹಳೆ ಚರ್ಮ ಸುಕ್ಕಾಗಿ ಹಿಂದೆ ಬಿದ್ದಿರುತ್ತದೆ. ಪೊರೆ ಬಿಡುವ ಈ ಹೊತ್ತನ್ನೇ ರೈತರು ಜ್ವರ ಅನ್ನುವುದು. ಹೀಗೆ ಒಟ್ಟು ನಾಲ್ಕು ಜ್ವರ. ನಾಲ್ಕನೆಯದು ಮುಗಿದ ಮೇಲೆ ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸಿ. ಐವತ್ತೇ ಹುಳ ಇದ್ದರೂ ತಟ್ಟೆಗೆ ಕಿವಿ ಹತ್ತಿರ ತಂದರೆ ಸೊಪ್ಪು ತಿನ್ನುವ ಸದ್ದು ಕೇಳುತ್ತದೆ, ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ. ನನ್ನ ಕ್ಲಾಸಿನಲ್ಲಿ ಅಷ್ಟು ನಿಶ್ಶಬ್ದ ಬೇರೆ ಯಾವತ್ತೂ ಇರಲಿಲ್ಲ.

ಹಣ್ಣಾದ ಹುಳ ಬೆಳಕಿಗೆ ಹಿಡಿದರೆ ಮೈ ಪಾರದರ್ಶಕ. ಆಗ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ ಬಿಡಿ. ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಎಲ್ಲ ಗೂಡು ಮಾರಬೇಡಿ, ಹತ್ತು ಉಳಿಸಿಕೊಳ್ಳಿ. ಹತ್ತು ಹನ್ನೆರಡು ದಿನಕ್ಕೆ ಬಿಳಿ ಪತಂಗ ಹೊರಗೆ ಬರುತ್ತದೆ. ಅದು ಹಾರುವುದಿಲ್ಲ, ಏನೂ ತಿನ್ನುವುದೂ ಇಲ್ಲ. ಮೊಟ್ಟೆ ಇಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. ಮಕ್ಕಳು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಮುಚ್ಚಿಡಬೇಡಿ.

ಈಗಲೇ ಶಾಲೆಯ ಬೋರ್‌ವೆಲ್ ಪಕ್ಕ ನಾಲ್ಕು ಹಿಪ್ಪುನೇರಳೆ ಕಡ್ಡಿ ನೆಟ್ಟುಬಿಡಿ. ಮುಂದಿನ ವರ್ಷದ ಹುಳಕ್ಕೆ ಸೊಪ್ಪು ಅಲ್ಲೇ ಸಿಗುತ್ತದೆ.