ಕಡಲತಡಿಯ ಕೆಫೆಯಲ್ಲಿ ಕುಳಿತು ಕಚೇರಿ ಕೆಲಸ ಮಾಡುವುದು ನಿಜಕ್ಕೂ ಆಗುವ ಮಾತೇ?

ಉಷ್ಣವಲಯದ ದ್ವೀಪವೊಂದರ ಸಣ್ಣ ಪಟ್ಟಣಕ್ಕೆ ಹೋಗಿ, ಕಡಲಿಗೆ ಎದುರಾಗಿರುವ ಕೆಫೆಯಲ್ಲಿ ಕುಳಿತು ಕೆಲವು ತಿಂಗಳು ಕಚೇರಿಯ ಕೆಲಸ ಮಾಡುವುದು ಸಾಧ್ಯವೇ, ಇಲ್ಲವೇ ಅದು ಫೋಟೊಗಳಲ್ಲಷ್ಟೇ ಚೆನ್ನಾಗಿ ಕಾಣುವ ಸಂಗತಿಯೇ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವುದು ನನ್ನ ವೃತ್ತಿ. ಇಂಥ ಊರುಗಳಲ್ಲಿ ತಿಂಗಳುಗಟ್ಟಲೆ ಇದ್ದು ದುಡಿದಿರುವ ಅನುಭವದಿಂದ ಹೇಳುವುದಾದರೆ, ಸಾಧ್ಯವಿದೆ, ಆದರೆ ದಿನವಿಡೀ ಅಲ್ಲ. ಬೆಳಗಿನ ಮೂರು ನಾಲ್ಕು ಗಂಟೆಗಳ ಬರವಣಿಗೆಗೆ, ಓದಿಗೆ, ಒಬ್ಬರೇ ಕುಳಿತು ಮಾಡುವ ಪರಿಶೀಲನೆಗೆ ಕೆಫೆ ಒಳ್ಳೆಯ ಜಾಗ. ಮೀಟಿಂಗ್‌ಗಳಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆಯೇ ಬೇಕು. ಈ ವಿಂಗಡಣೆಯನ್ನು ಮೊದಲೇ ಒಪ್ಪಿಕೊಂಡು ಹೋದವರು ಅಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವುದನ್ನು ಕಂಡಿದ್ದೇನೆ.

ಊರನ್ನು ಆರಿಸುವಾಗ ಬಹುಪಾಲು ಜನ ಮೊದಲು ಕಡಲತೀರದ ಚಿತ್ರಗಳನ್ನು ನೋಡುತ್ತಾರೆ. ನೋಡಬೇಕಾದದ್ದು ಗಡಿಯಾರವನ್ನು. ಕೆರಿಬಿಯನ್ ದ್ವೀಪದೇಶ ಬಾರ್ಬಡೋಸ್‌ನಲ್ಲಿ ಕುಳಿತು ನ್ಯೂಯಾರ್ಕಿನ ತಂಡದೊಂದಿಗೆ ಕೆಲಸ ಮಾಡುವವರಿಗೆ ಬೇಸಿಗೆಯಲ್ಲಿ ಸಮಯದ ಅಂತರವೇ ಇರುವುದಿಲ್ಲ; ಚಳಿಗಾಲದಲ್ಲಿ ಇದ್ದರೂ ಒಂದೇ ಗಂಟೆ. ಅದೇ ಕೆಲಸವನ್ನು ಇಂಡೊನೇಷ್ಯಾದ ಬಾಲಿಯಿಂದ ಮಾಡಹೊರಟರೆ ನಿಮ್ಮ ಕಚೇರಿ ತೆರೆಯುವುದು ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ, ಮುಚ್ಚುವುದು ಬೆಳಗಿನ ಜಾವಕ್ಕೆ. ಲಂಡನ್ನಿನ ತಂಡವಾದರೆ ಬಾಲಿಯ ಸಂಜೆ ನಾಲ್ಕು ಅಥವಾ ಐದಕ್ಕೆ ಆರಂಭವಾಗಿ ನಡುರಾತ್ರಿಯವರೆಗೆ ಎಳೆಯುತ್ತದೆ. ಭೂಮಧ್ಯರೇಖೆಯ ಸಮೀಪದ ಊರುಗಳಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆಯದೇ. ಸಂಜೆ ಆರರ ಆಸುಪಾಸಿನಲ್ಲಿ ಸೂರ್ಯ ಮುಳುಗಿದನೆಂದರೆ ಅರ್ಧ ಗಂಟೆಯೊಳಗೆ ಕತ್ತಲು ಕವಿಯುತ್ತದೆ. ಅಂದರೆ ಅಷ್ಟು ಖರ್ಚು ಮಾಡಿಕೊಂಡು ಹುಡುಕಿಹೋದ ಕಡಲು ನಿಮ್ಮ ಕಚೇರಿಯ ಹೊತ್ತಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಇದನ್ನು ನಷ್ಟವೆಂದೇ ಎಣಿಸಬೇಕಾಗಿಲ್ಲ. ತಂಡದವರೆಲ್ಲ ನಿದ್ದೆಯಲ್ಲಿರುವಾಗ, ಒಂದೂ ಸಂದೇಶ ಬಾರದ ಬೆಳಗಿನ ಹೊತ್ತಿನಲ್ಲಿ ನಾನು ಮುಗಿಸಿರುವಷ್ಟು ಬರವಣಿಗೆಯನ್ನು ಯಾವ ಕಚೇರಿಯಲ್ಲಿಯೂ ಮುಗಿಸಿದ್ದಿಲ್ಲ. ಆದರೆ ರಾತ್ರಿಯ ಮೀಟಿಂಗ್‌ಗಳು ವಾರಕ್ಕೆ ಎಷ್ಟು ಎಂಬುದನ್ನು ತಂಡದೊಂದಿಗೆ ಮಾತನಾಡಿ ಇತ್ಯರ್ಥ ಮಾಡಿಕೊಳ್ಳದೆ ಟಿಕೆಟ್ ತೆಗೆಸಬೇಡಿ.

ಇನ್ನು ಕೆಫೆಯ ವಿಚಾರ. ಇಲ್ಲಿ ಮೊದಲ ಶತ್ರು ಬೆಳಕು. ನೆತ್ತಿಯ ಮೇಲಿನ ಬಿಸಿಲಿನ ತೀವ್ರತೆ ಸುಮಾರು 1 ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ); ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ ಇರುವುದು 500 ಲಕ್ಸ್ ಮಾತ್ರ. ಲ್ಯಾಪ್‌ಟಾಪ್ ಪರದೆಗಳನ್ನು ರೂಪಿಸಿರುವುದು ಈ ಎರಡನೆಯ ಬೆಳಕಿಗೆ. ಸಾಧಾರಣ ಪರದೆಯ ಪ್ರಕಾಶ 250ರಿಂದ 400 ನಿಟ್ಸ್ (ಪರದೆಯ ಹೊಳಪನ್ನು ಅಳೆಯುವ ಮಾನ) ಇರುತ್ತದೆ, ಹೊರಗಿನ ನೆರಳಿನಲ್ಲಿಯೂ ಅದು ಮಂಕಾಗಿಯೇ ಕಾಣುತ್ತದೆ. ಕಡಲಿಗೆ ಬೆನ್ನು ಹಾಕಿ ಕುಳಿತರೆ ನೀರಿನ ಹೊಳಪು ಪರದೆಯ ಮೇಲೆ ಪ್ರತಿಫಲಿಸಿ ಅಕ್ಷರಗಳ ಬದಲು ನಿಮ್ಮ ಭುಜವೂ ಆಕಾಶವೂ ಕಾಣುತ್ತವೆ. ಕಡಲಿಗೆ ಮುಖ ಮಾಡಿ ಕುಳಿತರೆ ಪರದೆಯ ಹಿಂದಿನ ಪ್ರಖರ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಿ, ಅದೇ ಪರದೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಒಂದು ಗಂಟೆಯಲ್ಲಿ ಹಣೆ ಸಿಡಿಯತೊಡಗುತ್ತದೆ. ಆದುದರಿಂದ ಕಡಲು ಪಕ್ಕಕ್ಕೆ ಬರುವಂತೆ, ತಲೆಯ ಮೇಲೆ ಗಟ್ಟಿ ಚಾವಣಿ ಇರುವ, ಬೆನ್ನಿಗೆ ಗೋಡೆಯಿರುವ ಒಳಗಿನ ಮೇಜನ್ನು ಹಿಡಿಯಬೇಕು. ಫೋಟೊಕ್ಕೆ ಅತ್ಯಂತ ಸಪ್ಪೆಯಾದ ಮೇಜು ಯಾವುದೋ ಕೆಲಸಕ್ಕೆ ಅದೇ ಶ್ರೇಷ್ಠ ಎಂಬುದು ಎಲ್ಲ ಊರುಗಳಲ್ಲಿಯೂ ನಿಜವಾಗಿದೆ. ಕೊಡೆಯ ಕೆಳಗಿನ ನೆರಳನ್ನಂತೂ ನಂಬಲೇಬೇಡಿ: ಅದು ಗಂಟೆಗೊಮ್ಮೆ ಜಾಗ ಬದಲಿಸುತ್ತದೆ. ಸಾಲದ್ದಕ್ಕೆ ಒಣ ಮರಳು ನೇರಳಾತೀತ ಕಿರಣಗಳ ಸುಮಾರು ಶೇ. 15ರಷ್ಟನ್ನು ಪ್ರತಿಫಲಿಸುವುದರಿಂದ ನೆರಳಿನಲ್ಲಿಯೇ ಇದ್ದವರ ಮುಖವೂ ಸುಡುತ್ತದೆ.

ಬಿಸಿಯೂ ಇದರ ಜೊತೆಗೇ ಬರುತ್ತದೆ. ಹಲವು ಲ್ಯಾಪ್‌ಟಾಪ್‌ಗಳಿಗೆ ತಯಾರಕರು ಸೂಚಿಸುವ ಗರಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್. ದ್ವೀಪದ ಮಧ್ಯಾಹ್ನ ಅದರ ಹತ್ತಿರಕ್ಕೆ ಸುಲಭವಾಗಿ ಬರುತ್ತದೆ. ಹತ್ತು ನಿಮಿಷ ಬಿಸಿಲು ಬಿದ್ದ ಕಡುಬಣ್ಣದ ಲೋಹದ ಕವಚವಂತೂ ಅದನ್ನು ದಾಟಿಯೇ ಹೋಗಿರುತ್ತದೆ. ಆಗ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುವುದೂ ಉಂಟು. ಹನ್ನೊಂದರ ಸುಮಾರಿಗೆ ಗಂಟುಮೂಟೆ ಕಟ್ಟುವುದು ನನ್ನ ರೂಢಿ.

ಬೆಳಕು, ಬಿಸಿಲುಗಳಿಗಿಂತ ನಿಧಾನವಾಗಿ ಕೆಡಿಸುವುದು ಉಪ್ಪುಗಾಳಿ, ಮತ್ತು ಇದರ ಬಗ್ಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಹಗಲು ಏರಿದಂತೆ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲ ಕಡೆಯಿಂದ ಬಲವಾಗಿ ಬೀಸುತ್ತದೆ, ಒಡೆದ ಅಲೆಗಳ ಸೂಕ್ಷ್ಮ ಹನಿಗಳನ್ನು ಹೊತ್ತು ತರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75ನ್ನು ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿಕೊಂಡು ಕರಗುತ್ತದೆ. ಇಂಥ ತೀರಗಳಲ್ಲಿ ರಾತ್ರಿಯ ತೇವಾಂಶ ಆ ಮಟ್ಟವನ್ನು ಮೀರುವುದು ಸಾಮಾನ್ಯ. ಹೀಗಾಗಿ ಲ್ಯಾಪ್‌ಟಾಪಿನ ಮೇಲೆ ಕುಳಿತ ಉಪ್ಪಿನ ಪದರ ಒಣಗದೆ, ವಿದ್ಯುತ್ತನ್ನು ಹರಿಯಗೊಡುವ ತೆಳು ದ್ರಾವಣವಾಗಿಯೇ ಉಳಿಯುತ್ತದೆ. ಸಂಜೆ ಪರದೆಯನ್ನು ಓರೆಯಾಗಿ ಹಿಡಿದು ನೋಡಿದರೆ ಬೂದುಬಣ್ಣದ ಜಿಡ್ಡು ಕಾಣುತ್ತದೆ, ಬೆರಳಿಗೆ ಅಂಟಂಟಾಗಿ ಹತ್ತುತ್ತದೆ. ಕೆಲವು ವಾರಗಳ ನಂತರ ಚಾರ್ಜರಿನ ಯುಎಸ್‌ಬಿ-ಸಿ ತುದಿಯೊಳಗಿನ ಚಿನ್ನದ ಬಣ್ಣದ ಗೆರೆಗಳಲ್ಲಿ ಒಂದೆರಡು ಹಸಿರುಗಪ್ಪಿಗೆ ತಿರುಗಿರುತ್ತವೆ; ತುದಿಯನ್ನು ಒಂದು ಬದಿಯಿಂದ ಚುಚ್ಚಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಚುಚ್ಚಿದರೆ ಇಲ್ಲ ಎಂಬ ವಿಚಿತ್ರ ಲಕ್ಷಣ ಅಲ್ಲಿಂದಲೇ ಶುರುವಾಗುವುದು. ಪರಿಹಾರ ಸರಳ, ಆದರೆ ನಿತ್ಯ ಮಾಡಬೇಕು. ಯಂತ್ರವನ್ನು ಸ್ವಿಚ್ ಆಫ್ ಮಾಡಿ, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಚೀಲದಲ್ಲಿಡಬೇಕು. ಖಾಲಿ ಪೋರ್ಟ್‌ಗಳಿಗೆ ರಬ್ಬರ್ ಬಿರಡೆ ಹಾಕಬೇಕು. ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ಈ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲವಾದುದರಿಂದ, ಹೊಸದು ಕೊಳ್ಳುವವರಿದ್ದರೆ ಅದನ್ನೇ ಆರಿಸಿ ಎನ್ನುತ್ತೇನೆ.

ಇಂಟರ್ನೆಟ್ಟಿನ ಬಗ್ಗೆ ನೀವು ವೇಗ ಎಷ್ಟು ಎಂದಷ್ಟೇ ಕೇಳಿದ್ದೀರಿ. ಅದು ಎಲ್ಲಿಂದ ಬರುತ್ತದೆ ಎಂಬುದು ಹೆಚ್ಚು ಮುಖ್ಯ. ಸಮುದ್ರದಡಿಯ ಕೇಬಲ್ ಇರುವ ದ್ವೀಪದಲ್ಲಿ ವೀಡಿಯೊ ಕರೆಗೆ ತೊಂದರೆಯಿಲ್ಲ. 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹವನ್ನು ನೆಚ್ಚಿಕೊಂಡಿರುವ ದ್ವೀಪದಲ್ಲಿ ಒಂದು ಮಾತಿಗೆ ಮರುಮಾತು ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ಎಷ್ಟೇ ಎಂಬಿಪಿಎಸ್ (ಇಂಟರ್ನೆಟ್ ವೇಗದ ಮಾನ) ಇದ್ದರೂ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳಲ್ಲಿ ಈ ವಿಳಂಬ ಬಹಳ ಕಡಿಮೆ, ಆದರೆ ಉಷ್ಣವಲಯದ ಜಡಿಮಳೆಯಲ್ಲಿ ಸಂಕೇತ ಕುಂದುತ್ತದೆ. ಕೇಬಲ್ ಇದ್ದರೂ ಅದು ಒಂದೇ ಆಗಿದ್ದರೆ ಏನಾಗಬಹುದು ಎಂಬುದಕ್ಕೆ ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾ ಉದಾಹರಣೆ: 2022ರ ಜನವರಿ 15ರ ಜ್ವಾಲಾಮುಖಿ ಸ್ಫೋಟದಲ್ಲಿ ಆ ದೇಶದ ಏಕೈಕ ಅಂತರರಾಷ್ಟ್ರೀಯ ಕೇಬಲ್ ತುಂಡಾಗಿ, ಮುಖ್ಯ ದ್ವೀಪಕ್ಕೆ ಮತ್ತೆ ಸಂಪರ್ಕ ಬರಲು ಸುಮಾರು ಐದು ವಾರ ಬೇಕಾಯಿತು. ಕೆಫೆಯಲ್ಲಿ ಮಾಡಬೇಕಾದ ಪರೀಕ್ಷೆ ಚಿಕ್ಕದು. ಜನ ತುಂಬಿರುವ ಹೊತ್ತಿನಲ್ಲಿ ಹೋಗಿ, ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ನೋಡಿ. ಸ್ಪಷ್ಟ ವೀಡಿಯೊ ಕರೆಗೆ 3ರಿಂದ 4 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು. ಕರೆಂಟ್ ಹೋದಾಗ ದೀಪಗಳ ಜೊತೆಗೆ ರೂಟರ್ ಕೂಡ ಜನರೇಟರಿನಿಂದ ನಡೆಯುತ್ತದೆಯೇ ಎಂದು ಕೇಳಿ. ಅಡುಗೆಮನೆಯ ಫ್ರಿಜ್‌ಗಷ್ಟೇ ಜನರೇಟರ್ ಇಟ್ಟುಕೊಂಡಿರುವ ಕೆಫೆಗಳು ಕಡಿಮೆಯೇನಿಲ್ಲ. ಬೇರೆ ಬೇರೆ ಕಂಪನಿಗಳ ಎರಡು ಸಿಮ್‌ಗಳು ಜೇಬಿನಲ್ಲಿರಲಿ, ಉದ್ಯೋಗದಾತರ ವಿಪಿಎನ್ (ಸಂಪರ್ಕವನ್ನು ಬೇರೆಯವರು ಓದದಂತೆ ಕಾಪಾಡುವ ವ್ಯವಸ್ಥೆ) ಇಲ್ಲದೆ ಕೆಫೆಯ ವೈ-ಫೈಯಲ್ಲಿ ಕಂಪನಿಯ ದಾಖಲೆಗಳನ್ನು ತೆರೆಯಬೇಡಿ.

ಪ್ರವಾಸಿ ವೀಸಾದಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದರೆ ಯಾರು ಕೇಳುತ್ತಾರೆ ಎಂದು ಅನೇಕರು ಅನ್ನುತ್ತಾರೆ. ನಾನು ಹಾಗೆ ಅನ್ನಲಾರೆ, ಏಕೆಂದರೆ ಈಗ ಸರಿಯಾದ ದಾರಿಗಳೇ ಇವೆ. ಬಾರ್ಬಡೋಸ್ 2020ರಲ್ಲಿ ಆರಂಭಿಸಿದ ವೆಲ್ಕಮ್ ಸ್ಟ್ಯಾಂಪ್ ಎಂಬ ವೀಸಾ 12 ತಿಂಗಳ ವಾಸಕ್ಕೆ ಅವಕಾಶ ಕೊಡುತ್ತದೆ, ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ಕೇಳುತ್ತದೆ. ದೂರದಿಂದ ಕೆಲಸ ಮಾಡುವವರಿಗಾಗಿ ಇರುವ ಇಂಡೊನೇಷ್ಯಾದ ಇ33ಜಿ ವೀಸಾ ಕೇಳುವುದು ವರ್ಷಕ್ಕೆ 60,000 ಅಮೆರಿಕನ್ ಡಾಲರ್. ಥಾಯ್ಲೆಂಡ್ 2024ರಲ್ಲಿ ತಂದ ಡಿಟಿವಿ ವೀಸಾಕ್ಕೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಐದು ವರ್ಷಗಳ ಅವಧಿಯಲ್ಲಿ ಒಂದು ಬಾರಿಗೆ 180 ದಿನ ಇರಬಹುದು. ಈ ಷರತ್ತುಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣದಲ್ಲಿಯೇ ನೋಡಿ. ವೀಸಾ ಸಿಕ್ಕ ಮಾತ್ರಕ್ಕೆ ಉದ್ಯೋಗದಾತರ ಒಪ್ಪಿಗೆ ಸಿಕ್ಕಂತಲ್ಲ: ತೆರಿಗೆ, ದತ್ತಾಂಶ ರಕ್ಷಣೆ ಮತ್ತು ವಿಮೆಯ ಕಾರಣಗಳಿಂದ ಅನೇಕ ಕಂಪನಿಗಳು ಬೇರೆ ದೇಶದಿಂದ ಲಾಗಿನ್ ಆಗಲು ಲಿಖಿತ ಅನುಮತಿ ಕೇಳುತ್ತವೆ, ಅದನ್ನು ಕೊಡಲು ವಾರಗಳನ್ನೂ ತೆಗೆದುಕೊಳ್ಳುತ್ತವೆ.

ಕೆಫೆಯವರ ದೃಷ್ಟಿಯಿಂದ ನೋಡಿದರೆ ನಾಲ್ಕು ಜನರ ಮೇಜನ್ನು ಒಂದು ಕಾಫಿಯ ಲೆಕ್ಕದಲ್ಲಿ ಅರ್ಧ ದಿನ ಹಿಡಿದಿಡುವವರು ಗಿರಾಕಿಗಳೇ ಅಲ್ಲ. ಒಂದೂವರೆ ಗಂಟೆಗೊಮ್ಮೆಯಾದರೂ ಏನಾದರೂ ತರಿಸಿಕೊಳ್ಳಿ, ಊಟದ ಹೊತ್ತಿಗೆ ಜಾಗ ಬಿಟ್ಟುಕೊಡಿ, ಸ್ಪೀಕರ್ ಹಾಕಿ ಮಾತನಾಡಬೇಡಿ. ಸೊಳ್ಳೆ ನಿವಾರಕವನ್ನು ಬೆಳಿಗ್ಗೆಯೇ ಕಾಲಿಗೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲಿಯೂ ಮುಂಜಾನೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಹೊತ್ತಿನಲ್ಲಿ, ಮತ್ತು ಮೇಜಿನ ಕೆಳಗಿನ ನೆರಳು ಅದಕ್ಕೆ ಪ್ರಿಯ.

ಕೋಣೆಯನ್ನು ಮೊದಲು ಒಂದು ವಾರಕ್ಕೆ ಮಾತ್ರ ಹಿಡಿಯಿರಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಮೊಣಕೈ ಎತ್ತರದ ಮೇಜು, ಕೆಫೆಯದಲ್ಲದ ಪ್ರತ್ಯೇಕ ಇಂಟರ್ನೆಟ್ ಇವು ಮೂರೂ ಅಲ್ಲಿ ಇವೆಯೆಂದು ಖಚಿತವಾದ ಮೇಲೆ ತಿಂಗಳ ಬಾಡಿಗೆಯ ಮಾತು ಎತ್ತಿ.