ಕೊಜಾಎಲಿಯಲ್ಲಿ ಮನೆ ಹಿಡಿಯುವ ಮುಂಚೆ

ದಾವಣಗೆರೆಯ ತಂಗಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ಟರ್ಕಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಆಫರ್ ಲೆಟರಿನಲ್ಲಿ ಕೊಜಾಎಲಿ ಅಂತಿದೆ. ಫ್ಯಾಕ್ಟರಿ ಗೆಬ್ಜೆ ಅಂತಾರೆ. ಮ್ಯಾಪಿನಲ್ಲಿ ಹುಡುಕಿದರೆ ಇಜ್ಮಿತ್ ತೋರಿಸುತ್ತದೆ. ಎಚ್‌ಆರ್‌ನವರು ಇಸ್ತಾಂಬುಲ್ ಪಕ್ಕದಲ್ಲೇ ಇದೆ ಅಂತಾರೆ. ನಾನು ಹೋಗುತ್ತಿರುವುದು ಯಾವ ಊರಿಗೆ? ಮನೆ ಎಲ್ಲಿ ಮಾಡಲಿ? ಬಾಡಿಗೆ, ಊಟ, ಚಳಿ ಹೇಗೆ? ಒಬ್ಬಳೇ ಇರಬಹುದಾ?"

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಅವರು ಯಾರೂ ಸುಳ್ಳು ಹೇಳಿಲ್ಲ. ಕೊಜಾಎಲಿ ಅನ್ನುವುದು ಜಿಲ್ಲೆ. ಅದರ ಕೇಂದ್ರ ಇಜ್ಮಿತ್. ಗೆಬ್ಜೆ ಅದರೊಳಗಿನ ಒಂದು ತಾಲ್ಲೂಕು, ಇಜ್ಮಿತ್‌ನಿಂದ ಸುಮಾರು ಐವತ್ತು ಕಿಲೋಮೀಟರ್ ಪಶ್ಚಿಮಕ್ಕೆ, ಇಸ್ತಾಂಬುಲ್‌ನ ಗಡಿಗೆ ಅಂಟಿಕೊಂಡಿದೆ. ಟರ್ಕಿಯಲ್ಲಿ ಇಂಥ 81 ಜಿಲ್ಲೆಗಳಿವೆ. ಹೆಚ್ಚಿನವುಗಳಲ್ಲಿ ಜಿಲ್ಲೆಗೂ ಕೇಂದ್ರಕ್ಕೂ ಒಂದೇ ಹೆಸರು. ಇಲ್ಲಿ ಹಾಗಲ್ಲ, ನಮ್ಮ ಕೊಡಗು ಮಡಿಕೇರಿ ಥರ ಬೇರೆ ಬೇರೆ. ನಾನು ಬಂದ ರಾತ್ರಿ ಸಬಿಹಾ ಗೋಕ್ಚೆನ್ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿಯವನು ಕೊಜಾಎಲಿ ಎಂದರೆ ಎಲ್ಲಿ ಅಂತ ಕೇಳಿದ. ನಾನು ಕೊಜಾಎಲಿ ಅಂತಲೇ ಮತ್ತೆ ಹೇಳಿದೆ, ಸ್ವಲ್ಪ ಜೋರಾಗಿ. ಅವನು ಪಾಪ ಒಂದೊಂದೇ ತಾಲ್ಲೂಕಿನ ಹೆಸರು ಹೇಳುತ್ತಾ ಹೋದ. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಕೊನೆಗೆ ಮನೆಯವರಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ.

ಇನ್ನೊಂದು, ಇಜ್ಮಿತ್ ಬೇರೆ, ಇಜ್ಮಿರ್ ಬೇರೆ. ಅದು ಏಜಿಯನ್ ಸಮುದ್ರದ ಕಡೆಯ ದೊಡ್ಡ ಊರು. 2020ರ ಅಕ್ಟೋಬರಿನಲ್ಲಿ ಅಲ್ಲಿ ಭೂಕಂಪವಾದಾಗ ಶಿವಮೊಗ್ಗದಿಂದ ನಮ್ಮ ಕಡೆಯವರೆಲ್ಲ ಗಾಬರಿಯಾಗಿ ಫೋನ್ ಮಾಡಿದ್ದರು. ಈ ವ್ಯತ್ಯಾಸವನ್ನು ನಿಮ್ಮ ಮನೆಯಲ್ಲಿ ಈಗಲೇ ಹೇಳಿಬಿಡು.

ಈಗ ನಕ್ಷೆ ಮುಂದಿಟ್ಟುಕೋ. ಮರ್ಮರಾ ಸಮುದ್ರ ಪೂರ್ವಕ್ಕೆ ಉದ್ದವಾಗಿ, ಕಿರಿದಾಗಿ ಒಳನುಗ್ಗಿದೆ. ಅದೇ ಇಜ್ಮಿತ್ ಕೊಲ್ಲಿ. ಇಡೀ ಜಿಲ್ಲೆ ಈ ಕೊಲ್ಲಿಯ ಸುತ್ತ ಕೂತಿದೆ. ಉತ್ತರ ದಂಡೆಯಲ್ಲಿ ಪಶ್ಚಿಮದಿಂದ ಬಂದರೆ ಚಾಯಿರೋವಾ, ದಾರಿಜಾ, ಗೆಬ್ಜೆ, ದಿಲೊವಾಸಿ, ಕೋರ್ಫೆಜ್, ದೆರಿಂಜೆ, ಆಮೇಲೆ ಇಜ್ಮಿತ್. ಕೊಲ್ಲಿಯ ತುದಿ ಸುತ್ತಿದರೆ ಕಾರ್ತೆಪೆ, ಬಾಶಿಸ್ಕೆಲೆ. ದಕ್ಷಿಣ ದಂಡೆಯಲ್ಲಿ ಗೋಲ್ಜುಕ್, ಕರಾಮುರ್ಸೆಲ್. ಇವರ ಬೆನ್ನಿಗೆ ಸಮಾನ್ಲಿ ಬೆಟ್ಟಸಾಲು. ಹನ್ನೆರಡನೆಯದು ಕಾಂದಿರಾ. ಅದು ಇವರ ಯಾರ ಗೊಡವೆಗೂ ಬರದೆ ಉತ್ತರದಲ್ಲಿ ಕಪ್ಪು ಸಮುದ್ರದ ಕಡೆ ಮುಖ ಮಾಡಿಕೊಂಡಿದೆ. ಹಳೇ ಪುಸ್ತಕದಲ್ಲಿ ಏಳೇ ತಾಲ್ಲೂಕು ಕಂಡರೆ ತಲೆ ಕೆಡಿಸಿಕೊಳ್ಳಬೇಡ. 2008ರಲ್ಲಿ ಹೊಸ ಕಾನೂನು ಮಾಡಿ ಗೆಬ್ಜೆಯನ್ನೂ ಇಜ್ಮಿತ್ ಸುತ್ತಮುತ್ತಲನ್ನೂ ಒಡೆದು ಹನ್ನೆರಡು ಮಾಡಿದರು.

ವಿಸ್ತೀರ್ಣದಲ್ಲಿ ಇದು ನಮ್ಮ ಕೊಡಗಿಗಿಂತ ಚಿಕ್ಕದು. ಜನ ಮಾತ್ರ ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಬಹುಪಾಲು ಕೊಲ್ಲಿಯ ಅಂಚಿನ ಪಟ್ಟಿಯಲ್ಲೇ ಒತ್ತಿಕೊಂಡಿದ್ದಾರೆ. ಅದೇ ಪಟ್ಟಿಯಲ್ಲಿ ಹೆದ್ದಾರಿ, ರೈಲು, ಬಂದರು, ತೈಲ ಶುದ್ಧೀಕರಣ ಘಟಕ, ಕಾರಿನ ಕಾರ್ಖಾನೆ, ಬಣ್ಣದ ಕಾರ್ಖಾನೆ. ಗೆಬ್ಜೆಯ ಜನಸಂಖ್ಯೆ ಇಜ್ಮಿತ್‌ಗಿಂತ ಹೆಚ್ಚು. ನಮ್ಮದನ್ನೇ ಪ್ರತ್ಯೇಕ ಜಿಲ್ಲೆ ಮಾಡಿ ಅಂತ ಅಲ್ಲಿನವರು ಕೇಳುತ್ತಲೇ ಇದ್ದಾರೆ. ಇಂಥ ಜಗಳ ನಮಗೆ ಹೊಸದಲ್ಲ ಬಿಡು.

ಆಡಳಿತದ ವಿಷಯ ಬೇಗ ಮುಗಿಸುತ್ತೇನೆ. ಜಿಲ್ಲೆಗೆ ವಾಲಿ ಅಂತ ಇರುತ್ತಾರೆ. ರಾಷ್ಟ್ರಾಧ್ಯಕ್ಷರು ನೇಮಿಸಿದವರು, ನಮ್ಮ ಡಿಸಿ ಅಂದುಕೋ. ತಾಲ್ಲೂಕಿಗೆ ಕಾಯ್ಮಕಾಮ್. ಚುನಾವಣೆಯಲ್ಲಿ ಗೆದ್ದು ಬರುವವರು ಬೇರೆ: ಇಡೀ ಜಿಲ್ಲೆಗೆ ಒಬ್ಬ ಮಹಾನಗರದ ಮೇಯರ್, ತಾಲ್ಲೂಕಿಗೊಬ್ಬ ಮೇಯರ್, ಮೊಹಲ್ಲಾಕ್ಕೊಬ್ಬ ಮುಹ್ತಾರ್. ಈ ಮುಹ್ತಾರ್‌ನ ಸಣ್ಣ ಕಚೇರಿ ಎಲ್ಲಿದೆ ಅಂತ ಮೊದಲ ವಾರವೇ ನೋಡಿಕೊಂಡು, ನಮಸ್ಕಾರ ಹೇಳಿ ಬಾ. ಉಪಯೋಗಕ್ಕೆ ಬರುತ್ತಾರೆ. 2012ರ ಕಾನೂನಿನ ನಂತರ ಇಂಥ ಮಹಾನಗರ ಜಿಲ್ಲೆಗಳಲ್ಲಿ ಕಾಗದದ ಮೇಲೆ ಹಳ್ಳಿ ಅನ್ನುವುದೇ ಇಲ್ಲ, ಎಲ್ಲವೂ ಮೊಹಲ್ಲಾ. ಕಾಂದಿರಾದಲ್ಲಿ ಹಸು ಮೇಯಿಸುವ ಮುದುಕನೂ ಲೆಕ್ಕಕ್ಕೆ ಮಹಾನಗರವಾಸಿ!

ನಿನ್ನ ಕಾಗದಪತ್ರಕ್ಕೆ ಈ ಗೆರೆಗಳು ಮುಖ್ಯ. ಇಲ್ಲಿ ವಿದೇಶಿಯರ ಫೈಲು ನೀನು ವಾಸ ಇರುವ ಜಿಲ್ಲೆಯಲ್ಲಿರುತ್ತದೆ, ಕೆಲಸ ಮಾಡುವ ಜಿಲ್ಲೆಯಲ್ಲಲ್ಲ. ಗೆಬ್ಜೆಯ ಫ್ಯಾಕ್ಟರಿಗೆ ಹೋಗುವ ಎಷ್ಟೋ ಜನ ಪಕ್ಕದ ತುಜ್ಲಾ, ಪೆಂದಿಕ್‌ನಲ್ಲಿ ಮನೆ ಮಾಡುತ್ತಾರೆ. ಅವೆರಡೂ ಇಸ್ತಾಂಬುಲ್ ಜಿಲ್ಲೆ. ಇನ್ನು ಕೆಲವರು ಕೊಲ್ಲಿಯ ಮೇಲಿನ ಒಸ್ಮಾನ್‌ಗಾಜಿ ಸೇತುವೆ ದಾಟಿ ಅಲ್ತಿನೋವಾ ಕಡೆ ಹೋಗುತ್ತಾರೆ. ಅದು ಯಾಲೋವಾ ಜಿಲ್ಲೆ. ವಿಳಾಸ ಬದಲಾದರೆ ಇಪ್ಪತ್ತು ಕೆಲಸದ ದಿನದೊಳಗೆ ತಿಳಿಸಬೇಕು. ಅದಕ್ಕಿಂತ ಮುಂಚೆ ಇನ್ನೊಂದು ವಿಚಾರಿಸು. ವಿದೇಶಿಯರು ಶೇ 20 ದಾಟಿದ ಮೊಹಲ್ಲಾಗಳನ್ನು 2022ರ ಜುಲೈಯಿಂದ ಹೊಸ ವಿದೇಶಿಯರ ನೋಂದಣಿಗೆ ಮುಚ್ಚಿದರು. ಮುಂಗಡ ಕೊಟ್ಟ ಮೇಲೆ ಈ ಮೊಹಲ್ಲಾ ಆಗಲ್ಲ ಅನ್ನಿಸಿಕೊಂಡರೆ ದುಡ್ಡು ವಾಪಸ್ ಬರುವುದು ಕಷ್ಟ. ಹಾಗಾಗಿ ಅಗ್ರಿಮೆಂಟಿಗೆ ಮುಂಚೆ ವಲಸೆ ಕಚೇರಿಯಲ್ಲಿ ಮೊಹಲ್ಲಾದ ಹೆಸರು ಹೇಳಿ ಕೇಳು. ಡಿಗ್ರಿ ಸರ್ಟಿಫಿಕೇಟಿಗೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಸಲ್ಲುವ ಸರ್ಕಾರಿ ದೃಢೀಕರಣ, ಊರಲ್ಲೇ ಮಾಡಿಸಿಕೊಂಡು ಬಾ. ಎಂಜಿನಿಯರ್ ಹುದ್ದೆಯಾದರೆ ಇಲ್ಲಿನ ಉನ್ನತ ಶಿಕ್ಷಣ ಮಂಡಳಿಯಿಂದ ತತ್ಸಮಾನ ಪತ್ರವೂ ಬೇಕು. ಅದನ್ನು ಕಂಪನಿಯವರ ಜೊತೆ ಈಗಲೇ ಮಾತಾಡು.

ಬಾಡಿಗೆ ಎಷ್ಟು ಅಂತ ಕೇಳಿದೀಯ. ಈವತ್ತು ಹೇಳಿದ್ದು ನೀನು ಬರುವಷ್ಟರಲ್ಲಿ ಹಳೇದಾಗಿರುತ್ತದೆ, ಲಿರಾದ ಕಥೆ ಹಾಗಿದೆ. ಚಳಿ ತಡೆಯಬಹುದು, ಮಳೆ ಮತ್ತು ತೇವವೇ ಜಾಸ್ತಿ. ಕಾರ್ತೆಪೆ ಮೇಲೆ ಹಿಮ ಬೀಳುತ್ತದೆ, ಫೋಟೋ ತೆಗೆಸಿಕೊಳ್ಳಬಹುದು. ಒಬ್ಬಳೇ ಇರಬಹುದು, ಧಾರಾಳವಾಗಿ. ಊಟದ ಬಗ್ಗೆ ಹೆದರಬೇಡ. ವಾರದ ಸಂತೆಯಲ್ಲಿ ಸೊಪ್ಪು, ಬದನೆ, ಹುರುಳಿಕಾಯಿ ಎಲ್ಲ ಸಿಗುತ್ತದೆ. ಬುಲ್ಗುರ್ ಅನ್ನುವ ಗೋಧಿ ನುಚ್ಚಿನಲ್ಲಿ ಒಳ್ಳೇ ಉಪ್ಪಿಟ್ಟಾಗುತ್ತದೆ. ಕಾಂದಿರಾದ ಗಟ್ಟಿ ಮೊಸರು ಸಿಕ್ಕರೆ ಬಿಡಬೇಡ. ಬೇಳೆ ಸೂಪಿಗೆ ಮಾಂಸದ ಕಟ್ಟು ಹಾಕಿದ್ದಾರಾ ಅಂತ ಕೇಳಿಯೇ ಕುಡಿ. ಕರಿಬೇವು ಮರೆತುಬಿಡು. ಇಷ್ಟು ಸಾಕು, ಉಳಿದದ್ದು ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ.

ಮನೆಯ ವಿಷಯಕ್ಕೆ ಬರುತ್ತೇನೆ. ನಿಜವಾಗಿ ಬರೆಯಬೇಕು ಅಂತ ಕೂತದ್ದೇ ಇದಕ್ಕೆ.

ನಾವು ಬಂದಾಗ ಒಸ್ಮಾನ್‌ಗಾಜಿ ಸೇತುವೆ ಇರಲಿಲ್ಲ. ಅದು ತೆರೆದದ್ದು 2016ರಲ್ಲಿ. ಅದಕ್ಕೆ ಮುಂಚೆ ಉತ್ತರ ದಂಡೆಯಿಂದ ದಕ್ಷಿಣ ದಂಡೆಗೆ ಹೋಗಬೇಕಾದರೆ ಎಸ್ಕಿಹಿಸಾರ್‌ನಿಂದ ಫೆರಿ ಹಿಡಿಯಬೇಕು, ಇಲ್ಲ ಕೊಲ್ಲಿಯನ್ನೇ ಸುತ್ತಬೇಕು. ನನ್ನ ಕೆಲಸ ದಿಲೊವಾಸಿಯ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ, ಮನೆಯವರದು ಗೋಲ್ಜುಕ್ ಕಡೆ. ನಡುವೆ ನೀರು. ಹಾಗಾಗಿ ಇಬ್ಬರಿಗೂ ಮಧ್ಯವಾಗಲಿ ಅಂತ ಇಜ್ಮಿತ್‌ನಲ್ಲಿ ಮನೆ ಹಿಡಿದೆವು. ಕಂಪನಿ ಬಸ್ಸಿಗೆ ಇಲ್ಲಿ ಸರ್ವಿಸ್ ಅಂತಾರೆ. ಎರಡೂ ಸರ್ವಿಸ್ ನಿಲ್ಲುವ ಜಾಗ ಹತ್ತಿರ, ಪೇಟೆ ಹತ್ತಿರ, ಸಮುದ್ರ ಹತ್ತಿರ. ನೀನೂ ಹೀಗೇ ಲೆಕ್ಕ ಹಾಕುತ್ತಿದ್ದೀಯ, ನಿನ್ನ ಪ್ರಶ್ನೆಯಲ್ಲೇ ಕಾಣುತ್ತದೆ. ಯಾರಾದರೂ ಹಾಗೇ ಹಾಕುತ್ತಾರೆ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ. ಚಹಾಕ್ಕೆ ಕರೆಯುತ್ತಿದ್ದರು. ಇಲ್ಲಿ ಚಪ್ಪಲಿ, ಶೂ ಬಾಗಿಲಾಚೆಯೇ ಬಿಡುತ್ತಾರೆ, ನಮ್ಮ ಹಾಗೇ. ಆದರೆ ಅಜ್ಜಿಯ ಮಂಚದ ಕಾಲ ಬಳಿ ಒಂದು ಜೊತೆ ಗಟ್ಟಿ ಶೂ, ಒಳಗೆ ಟಾರ್ಚ್ ಮತ್ತು ಒಂದು ಸೀಟಿ. ಬೀರುವನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಿದ್ದರು. ಹಾಸಿಗೆಯ ಮೇಲಿನ ಗೋಡೆ ಪೂರ್ತಿ ಖಾಲಿ, ಒಂದು ಫೋಟೋ ಕೂಡ ಇಲ್ಲ. ವಯಸ್ಸಾದವರ ವಿಚಿತ್ರ ಅಂದುಕೊಂಡು ಸುಮ್ಮನಿದ್ದೆ. ಅವರು ಗೋಲ್ಜುಕ್ ಕಡೆ ಕೈ ತೋರಿಸಿ ಏನೇನೋ ಹೇಳುತ್ತಿದ್ದರು. ತಂಗಿ ಅನ್ನುವ ಒಂದು ಪದ ಮಾತ್ರ ತಿಳಿಯುತ್ತಿತ್ತು. ನಾನು ಹೂಂ ಹೂಂ ಅನ್ನುತ್ತಾ ಚಹಾ ಕುಡಿಯುತ್ತಿದ್ದೆ.

1999ರ ಆಗಸ್ಟ್ 17, ಬೆಳಗಿನ ಜಾವ 3 ಗಂಟೆ 2 ನಿಮಿಷ. ಇಲ್ಲಿ ಹುಟ್ಟಿದ ಯಾರಿಗೂ ಈ ಹೊತ್ತು ಹೇಳಿಕೊಡಬೇಕಾಗಿಲ್ಲ. 7.4ರ ಭೂಕಂಪ, ಕೇಂದ್ರ ಗೋಲ್ಜುಕ್ ಹತ್ತಿರ, ಸುಮಾರು 45 ಸೆಕೆಂಡು. ಸರ್ಕಾರದ ಲೆಕ್ಕದಲ್ಲೇ ಸತ್ತವರು 17,000ಕ್ಕೂ ಹೆಚ್ಚು. ಭೂಕಂಪ ತರುವ ಉತ್ತರ ಅನಾತೋಲಿಯ ಬಿರುಕು ಅನ್ನುವುದು ಸಪಾಂಜಾ ಕೆರೆಯ ಕಡೆಯಿಂದ ಬಂದು ಕೊಲ್ಲಿಯ ತಳದಲ್ಲೇ ಹಾದುಹೋಗುತ್ತದೆ. ದಕ್ಷಿಣ ದಂಡೆಯ ದೇಯಿರ್ಮೆಂದೆರೆಯಲ್ಲಿ ದಡದ ಒಂದು ಭಾಗ ಕಟ್ಟಡಗಳ ಸಮೇತ ಸಮುದ್ರಕ್ಕೆ ಜಾರಿಹೋಯಿತು. ಕೋರ್ಫೆಜ್‌ನ ಶುದ್ಧೀಕರಣ ಘಟಕ ದಿನಗಟ್ಟಲೆ ಉರಿಯಿತು. ದೂರ ಇದ್ದರೆ ಪಾರು ಅಂತಲೂ ಅಲ್ಲ. ಇಸ್ತಾಂಬುಲ್‌ನ ಆಚೆ ತುದಿಯ ಅವ್ಜಿಲಾರ್‌ನಲ್ಲೂ ಮೆತ್ತನೆ ನೆಲದ ಮೇಲಿನ ಕಟ್ಟಡಗಳು ಬಿದ್ದವು.

ನಾವಿದ್ದದ್ದು ಆ ಭೂಕಂಪಕ್ಕಿಂತ ಹಳೇ ಕಟ್ಟಡ, ಕೊಲ್ಲಿಯ ತಗ್ಗಿನಲ್ಲಿ, ಹಳ್ಳಗಳು ತಂದು ಹಾಕಿದ ಮೆಕ್ಕಲು ಮಣ್ಣಿನ ಮೇಲೆ. ಮಾಲೀಕರು ಹೇಳಲಿಲ್ಲ. ಹೊಸ ಬಣ್ಣ ಹೊಡೆಸಿದ್ದರು, ನೋಡಲು ಚೆನ್ನಾಗಿಯೇ ಇತ್ತು. ಒಂದು ದಿನ ನಮ್ಮ ಲ್ಯಾಬಿನ ಸಹೋದ್ಯೋಗಿಯೊಬ್ಬ ಮನೆಗೆ ಬಂದವನು ಕಾಫಿಗೂ ಕೂರದೆ ನೆಲಮಾಳಿಗೆಗೆ ಇಳಿದ. ಕಲ್ಲಿದ್ದಲು ಇಡುವ ಮೂಲೆಯ ಕಂಬಕ್ಕೆ ಮೊಬೈಲ್ ಬೆಳಕು ಹಿಡಿದು, ಬೀಗದ ಕೈಯಿಂದ ಕೆರೆದ. ಕಾಂಕ್ರೀಟು ಪುಡಿಪುಡಿಯಾಗಿ ಉದುರಿತು. ಆ ಪುಡಿಯಲ್ಲಿ ಉಗುರಿನಷ್ಟು ಬಿಳಿ ಚೂರುಗಳು. ಚಿಪ್ಪು. ತೊಳೆಯದ ಸಮುದ್ರದ ಮರಳು ಹಾಕಿ ಕಟ್ಟಿದ್ದರು. ಉಪ್ಪಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿ, ಕಂಬದ ಉದ್ದಕ್ಕೂ ಕೂದಲೆಳೆಯ ಬಿರುಕು. ಅವನು ಏನೂ ಹೇಳಲಿಲ್ಲ, ಕೈ ಒರೆಸಿಕೊಂಡ. ನಾವು ಆ ತಿಂಗಳೇ ಬೇರೆ ಮನೆ ಹುಡುಕಲು ಶುರು ಮಾಡಿದೆವು. ಈಗಿರುವುದು ಊರಿನ ಉತ್ತರದ ದಿಣ್ಣೆಯ ಮೇಲೆ. ದಿನಾ ಏರು ಹತ್ತಬೇಕು, ಮಂಡಿ ನೋವು ಬೇರೆ. ಇರಲಿ.

ಅಜ್ಜಿಯ ಮಾತು ತಿಳಿಯುವಷ್ಟು ಟರ್ಕಿಷ್ ನನಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ಅವರನ್ನು ಮಗ ಎಸ್ಕಿಶೆಹಿರ್‌ಗೆ ಕರೆದುಕೊಂಡು ಹೋಗಿದ್ದ. ಹಳೇ ಕಟ್ಟಡವನ್ನೂ ಕೆಡವಿ ಹೊಸದು ಎಬ್ಬಿಸಿದರು. ಗೋಲ್ಜುಕ್‌ನಲ್ಲಿ ಅವರ ತಂಗಿಗೆ ಏನಾಯಿತು ಅಂತ ಊಹಿಸಬಹುದು. ಆದರೆ ಅವರ ಬಾಯಿಂದ ಕೇಳಿಸಿಕೊಳ್ಳಲಿಲ್ಲವಲ್ಲ ಅನ್ನುವುದು ನನಗೆ ಇನ್ನೂ ಚುಚ್ಚುತ್ತದೆ. ಅವರಿಗೆ ಹೇಳಬೇಕಿತ್ತು, ನಾನು ಅಲ್ಲೇ ಎದುರಿಗೆ ಕೂತಿದ್ದೆ. ಊರಲ್ಲಾಗಿದ್ದರೆ ಪಕ್ಕದ ಮನೆಯವರ ದುಃಖ ಕೇಳದೆ ಚಹಾ ಕುಡಿದು ಎದ್ದು ಬರುತ್ತಿದ್ದೆನಾ? ಟರ್ಕಿಷ್ ಕಲಿ ಅಂತ ಎಲ್ಲರೂ ಹೇಳುತ್ತಾರೆ, ಕೆಲಸಕ್ಕೆ ಅನುಕೂಲ ಅಂತ. ಅಪಾರ್ಟ್‌ಮೆಂಟಿನ ಹೆಂಗಸರ ಜೊತೆ ಕೂತು ಕಲಿ ಅಂತ ನಾನು ಹೇಳುತ್ತೇನೆ.

ಹಾಗಾಗಿ ಮನೆ ನೋಡುವಾಗ ಬಾಡಿಗೆಗಿಂತ ಮುಂಚೆ ಕಟ್ಟಡದ ವರ್ಷ ಕೇಳು. 1999ಕ್ಕಿಂತ ಹಳೇದಾದರೆ ಒಳಗೇ ಹೋಗಬೇಡ. 2001ರಲ್ಲಿ ಕಟ್ಟಡ ತಪಾಸಣೆಯ ಕಾನೂನು ಬಂತು. 2019ರಿಂದ ಇನ್ನೂ ಬಿಗಿಯಾದ ಭೂಕಂಪ ನಿಯಮ ಜಾರಿಯಲ್ಲಿದೆ. ಅದರ ನಂತರದ್ದಾದರೆ ಒಳ್ಳೇದು. ವಾಸಕ್ಕೆ ಕೊಟ್ಟ ಅನುಮತಿ ಪತ್ರ ಇದೆಯಾ ಅಂತ ಕೇಳು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, 2023ರ ಫೆಬ್ರವರಿಯ ದೊಡ್ಡ ಭೂಕಂಪದ ನಂತರ ಎಲ್ಲರೂ ಕೇಳುತ್ತಾರೆ. ಕಡ್ಡಾಯ ಭೂಕಂಪ ವಿಮೆಗೆ ದಾಸ್ಕ್ ಅಂತಾರೆ. ಅದಿಲ್ಲದೆ ನೀರು, ಕರೆಂಟಿನ ಸಂಪರ್ಕ ಕೊಡುವುದಿಲ್ಲ. ಕಾಗದದಲ್ಲಿ ಎಲ್ಲ ಸರಿ ಇದ್ದರೂ ನೆಲಮಾಳಿಗೆಗೆ ಇಳಿದು ಕಂಬ ನೋಡು. ಕೆಳಗೆ ಅಂಗಡಿಗಾಗಿ ಕಂಬ ಕಡಿದಿದ್ದರೆ ಅಲ್ಲಿಂದಲೇ ವಾಪಸ್ ಬಾ.

ಗೆಬ್ಜೆ ಕೆಲಸಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ಗೆಬ್ಜೆ ಅಥವಾ ಚಾಯಿರೋವಾದಲ್ಲೇ ಹೊಸ ಕಟ್ಟಡ ನೋಡು. ಅಲ್ಲಿಂದ ಮರ್ಮರಾಯ್ ರೈಲು ಬೋಸ್ಫೊರಸ್ ಕೆಳಗಿಂದ ಹಾದು ಇಸ್ತಾಂಬುಲ್‌ನ ಯುರೋಪ್ ಕಡೆಗೇ ಹೋಗುತ್ತದೆ. ಏರ್‌ಪೋರ್ಟೂ ಹತ್ತಿರ. ದಾರಿಜಾ ಸಮುದ್ರದ ಬದಿ ಚೆನ್ನಾಗಿದೆ, ಆದರೆ ಬಹಳ ಇಕ್ಕಟ್ಟು. ದಿಲೊವಾಸಿ ಬೇಡ. ನಾನೇ ಅಲ್ಲಿ ದುಡಿದವಳು ಹೇಳುತ್ತಿದ್ದೇನೆ. ಕಣಿವೆಯಂಥ ಜಾಗದಲ್ಲಿ ಕಾರ್ಖಾನೆಯ ಹೊಗೆ ನಿಲ್ಲುತ್ತದೆ, ಅಲ್ಲಿನ ಗಾಳಿಯ ಬಗ್ಗೆ ಸಂಸತ್ತೇ ಸಮಿತಿ ಮಾಡಿ ವಿಚಾರಿಸಿತ್ತು. ರಜೆ ದಿನ ಕಾಂದಿರಾದ ಕೆಫ್ಕೆನ್‌ಗೆ ಹೋಗು, ಕಪ್ಪು ಸಮುದ್ರ ನೋಡಿಕೊಂಡು ಬಾ. ಎಷ್ಟೋ ವರ್ಷ ರಜೆ ಸಿಕ್ಕರೆ ಇಸ್ತಾಂಬುಲ್‌ಗೇ ಓಡಿ, ಆ ಕಡೆ ತಲೆ ಹಾಕಲಿಲ್ಲ ನಾವು.

ಮನೆ ಗೊತ್ತಾದ ಮೇಲೆ ಸಹಿ ಹಾಕುವ ಮುಂಚೆ ತಾಲ್ಲೂಕು, ಮೊಹಲ್ಲಾ, ಕಟ್ಟಡದ ವರ್ಷ ಇಷ್ಟನ್ನು ಬರೆದು ಕಳಿಸು, ಮನೆಯವರೂ ನಾನೂ ಹೋಗಿ ನೋಡಿ ಬರುತ್ತೇವೆ. ಭಾನುವಾರವಾದರೆ ಅನುಕೂಲ. ಬರುವಾಗ ಸಾರಿನಪುಡಿ ತರುತ್ತೀಯಲ್ಲ, ಕುಕ್ಕರಿನ ಗ್ಯಾಸ್ಕೆಟ್ ಕೂಡ ಒಂದೆರಡು ಜಾಸ್ತಿ ಹಾಕಿಕೋ. ಇಲ್ಲಿ ಸಿಗುವುದು ನಮ್ಮ ಕುಕ್ಕರಿಗೆ ಕೂರುವುದಿಲ್ಲ.